ನಮ್ಮದೇ ಪ್ಲೇನಲ್ಲಿ ಹೋದ್ರೂ ಬೋರ್ಡಿಂಗ್ ಪಾಸ್ ಕೇಳಿದ್ರು: ಒಂದು ಚಿಕ್ಕ ಏರ್‌ಪೋರ್ಟ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಟಿಕೆಟ್ ತಗೊಂಡು ಹೋಗಿ ಕಾಫಿ ರೇಟ್ ಜಾಸ್ತಿ ಅಂತ ಬೈಯೋ ರಿವ್ಯೂ ಅಲ್ಲ. ನಾನು ಹಾಸನದವನು, ಬಿ.ಎಂ. ರೋಡಲ್ಲಿ ಪಂಪ್‌ಸೆಟ್ಟು ಪೈಪು ಮಾರೋ ಅಂಗಡಿ ಇದೆ, 41ನೇ ವಯಸ್ಸಿಗೆ ಹುಚ್ಚು ಹಿಡಿದು ಪಿಪಿಎಲ್ ಮಾಡ್ಕೊಂಡೆ. ಪಿಪಿಎಲ್ ಅಂದ್ರೆ ಪ್ರೈವೇಟ್ ಪೈಲಟ್ ಲೈಸೆನ್ಸು, 17 ವರ್ಷ ಆಗಿರ್ಬೇಕು, ಕಮ್ಮಿ ಅಂದ್ರೂ 40 ಗಂಟೆ ಹಾರಿರ್ಬೇಕು, ಪರೀಕ್ಷೆ ಪಾಸಾಗ್ಬೇಕು, ಮೆಡಿಕಲ್ ಆಗ್ಬೇಕು. ಜನನ ಕೂರಿಸ್ಕೊಂಡು ಹೋಗ್ಬಹುದು ಆದ್ರೆ ಬಾಡಿಗೆ ಅಂತ ಒಂದು ರೂಪಾಯಿ ಇಸ್ಕೊಳೋ ಹಾಗಿಲ್ಲ. ಅಂಗಡಿಗೆ ಬರೋರೆಲ್ಲ "ಅಣ್ಣ ಇಂಡಿಗೋಗೆ ಯಾವಾಗ ಸೇರ್ತೀರಾ" ಅಂತ ಕೇಳ್ತಾರೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕಪ್ಪಾ, ಇದು ಕಾರ್ ಇದ್ದ ಹಾಗೆ ಸ್ವಂತಕ್ಕೆ ಅಂತ ಹೇಳಿ ಹೇಳಿ ಸಾಕಾಗಿ ಈಗ "ಮುಂದಿನ ತಿಂಗಳು" ಅಂತೀನಿ.

ಏರ್‌ಪೋರ್ಟ್ ಹೆಸರು ಹಾಕ್ತಾ ಇಲ್ಲ. ಕರ್ನಾಟಕದಲ್ಲೇ ಇದೆ, ದಿನಕ್ಕೆ ಒಂದೆರಡು ಎಟಿಆರ್ (ರೆಕ್ಕೆಗೆ ಫ್ಯಾನ್ ಇರೋ ಪ್ಯಾಸೆಂಜರ್ ಪ್ಲೇನು) ಬಂದು ಹೋಗುತ್ತೆ, ಉಳಿದ ಟೈಮಲ್ಲಿ ಬೇಸಿಗೆ ರಜೆಯ ಸ್ಕೂಲ್ ಥರ ಖಾಲಿ ಖಾಲಿ. ಅಲ್ಲಿ ನಮಗೆ ಕೆಲವರು ತುಂಬಾ ಉಪಕಾರ ಮಾಡಿದ್ರು, ಹೆಸರು ಹಾಕಿದ್ರೆ ನಾಳೆ ಅವರಿಗೇ ಮೇಲಿಂದ ಫೋನ್ ಹೋಗುತ್ತೆ, ಅದು ಬೇಡ. ಚಿಕ್ಕ ಪ್ಲೇನ್ ತಗೊಂಡು ಇಂಥ ಕಡೆ ಹೋಗೋರಿಗೆ ಏನೇನು ಎದುರಾಗುತ್ತೆ ಅನ್ನೋದಷ್ಟೇ ಇಲ್ಲಿ.

ಹೋಗಿದ್ದು ಯಾಕೆ ಅಂದ್ರೆ ನಮ್ಮ ಚಿಕ್ಕಪ್ಪ. ಶಾಂತಿಗ್ರಾಮದ ಹತ್ರ ನಾಲ್ಕು ಎಕರೆ, ಆಲೂಗಡ್ಡೆ ರಾಗಿ ಅವರೆ ಅಂತ ಬೆಳೀತಾರೆ, ಎಪ್ಪತ್ತು ದಾಟಿದೆ. ನಾನು ಲೈಸೆನ್ಸ್ ತಗೊಂಡ ದಿನದಿಂದ ಒಂದೇ ಮಾತು: "ನಮ್ಮ ಹೊಲ ಮೇಲಿಂದ ಎಂಗೆ ಕಾಣ್ತದೆ ಒಂದ್ಸಲ ನೋಡ್ಬೇಕು ಕಣ್ಲಾ." ಹಾಸನದಲ್ಲೇ ಇಳಿಯೋ ಹಾಗಿದ್ದಿದ್ರೆ ಕಥೆ ಬೇರೆ ಇರೋದು. ಬೂವನಹಳ್ಳಿ ಏರ್‌ಪೋರ್ಟ್ ಮಾತು ನಾನು ಚಡ್ಡಿ ಹಾಕ್ತಿದ್ದ ಕಾಲದಿಂದ ಕೇಳ್ತಿದೀನಿ. ಇನ್ನೊಂದು ತಮಾಷೆ ನೋಡಿ, ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) 1982ರಿಂದ ಹಾಸನದಲ್ಲೇ ಇದೆ, 36,000 ಕಿಲೋಮೀಟರ್ ಮೇಲಿರೋ ಸ್ಯಾಟಲೈಟ್‌ನ ನಮ್ಮೂರಲ್ಲಿ ಕೂತ್ಕೊಂಡು ಆ ಕಡೆ ಈ ಕಡೆ ತಿರುಗಿಸ್ತಾರೆ, ನಾನು ಮಾತ್ರ ಪ್ಲೇನ್ ಹತ್ತೋಕೆ ಶನಿವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು 180 ಚಿಲ್ಲರೆ ಕಿಲೋಮೀಟರ್ ಕಾರ್ ಓಡಿಸ್ಕೊಂಡು ಬೆಂಗಳೂರಿನ ಜಕ್ಕೂರಿಗೆ ಹೋಗ್ಬೇಕು. ಪ್ಲೇನ್ ನಂದಲ್ಲ, ಫ್ರೆಂಡ್ ಒಬ್ಬರದು, ಸೆಸ್ನಾ 172, ನಾಲ್ಕು ಸೀಟು, ಪೆಟ್ರೋಲ್ ಖರ್ಚು ಹಂಚ್ಕೋತೀವಿ. ಅವರೂ ಪೈಲಟ್ಟೇ, ಅವತ್ತು ನನ್ನ ಪಕ್ಕ ಕೂತಿದ್ರು. ಹಿಂದಿನ ಸೀಟಲ್ಲಿ ಚಿಕ್ಕಪ್ಪ, ಬಿಳಿ ಪಂಚೆ, ಮೇಲೊಂದು ಸ್ವೆಟರ್, ತೊಡೆ ಮೇಲೆ ಬಟ್ಟೆ ಚೀಲ.

ಕಾಗದ ಪತ್ರದ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಬರೀತಾ ಹೋದ್ರೆ ನನಗೇ ತಲೆ ನೋಯುತ್ತೆ. ಏರ್‌ಪೋರ್ಟಿಗೆ ಮೊದ್ಲೇ ಮೇಲ್ ಹಾಕಿ ಬರ್ತೀವಿ ಅಂತ ಒಪ್ಪಿಗೆ ತಗೋಬೇಕು. ಆಮೇಲೆ ಫ್ಲೈಟ್ ಪ್ಲಾನು, ಹವಾಮಾನ, ನೋಟಮ್ಮು (ಪೈಲಟ್‌ಗಳಿಗೆ ಹಾಕೋ ನೋಟಿಸು), ಫ್ಲೈಟ್ ಇನ್ಫರ್ಮೇಶನ್ ಸೆಂಟರ್‌ನೋರ ಎಫ್‌ಐಸಿ ನಂಬರು, ಏರ್ ಡಿಫೆನ್ಸ್‌ನೋರು ಹಾರೋಕೆ ಒಪ್ಪಿಗೆ ಅಂತ ಕೊಡೋ ಎಡಿಸಿ ನಂಬರು. ಈ ಕೊನೇ ಎರಡು ನಂಬರ್ ಇಲ್ದೆ ಚಕ್ರ ಎತ್ತೋ ಹಾಗಿಲ್ಲ. ಜಕ್ಕೂರು 1948ರಿಂದ ಇರೋ ಫೀಲ್ಡು, ಆದ್ರೆ ಈಗ ಒಂದು ಕಡೆ ಯಲಹಂಕ ಏರ್‌ಫೋರ್ಸು, ಇನ್ನೊಂದು ಕಡೆ ದೇವನಹಳ್ಳಿಯ ದೊಡ್ಡ ಏರ್‌ಪೋರ್ಟು, ನಡುವೆ ಸಿಕ್ಕಾಕೊಂಡಿದೆ, ಅವರಿಬ್ಬರೂ ಹೂಂ ಅಂದ್ಮೇಲೇ ನಾವು. ಯಲಹಂಕದಲ್ಲಿ ಏರೋ ಇಂಡಿಯಾ ಏರ್‌ಶೋ ನಡೆಯೋ ಟೈಮಲ್ಲಂತೂ ಪ್ಲೇನ್ ಒರೆಸ್ಕೊಂಡು ಕೂರೋದಷ್ಟೇ ಕೆಲಸ.

ಡಿಸೆಂಬರ್ ಆದ್ದರಿಂದ ಹಾಸನ ಕಡೆ ಮಂಜು ಬಿಡೋ ತನಕ ಕಾದು ಒಂಬತ್ತೂವರೆಗೆ ಎದ್ವಿ. ನೆಲಮಂಗಲ, ಕುಣಿಗಲ್ ಕೆರೆ, ಆಮೇಲೆ ರೈಲ್ವೆ ಹಳಿ. 2017ರಲ್ಲಿ ಶುರುವಾದ ಬೆಂಗಳೂರು-ಹಾಸನ ಲೈನ್ ಇದ್ಯಲ್ಲ, ನಮ್ಮಂಥೋರಿಗೆ ಅದಕ್ಕಿಂತ ಒಳ್ಳೆ ಜಿಪಿಎಸ್ ಬೇರೆ ಇಲ್ಲ, ಹಳಿ ಹಿಡ್ಕೊಂಡು ಹೋದ್ರೆ ಶ್ರವಣಬೆಳಗೊಳದ ಎರಡು ಬೆಟ್ಟ ಮಧ್ಯ ಕಲ್ಯಾಣಿ, ಚನ್ನರಾಯಪಟ್ಟಣ, ಆಮೇಲೆ ನಮ್ಮೂರು. ಕಾರಲ್ಲಿ ಮೂರೂವರೆ ಗಂಟೆ ಆಗೋ ದಾರಿ 50 ನಿಮಿಷ. ಪಶ್ಚಿಮಕ್ಕೆ ಹೋಗೋರು 4,500, 6,500, 8,500 ಅಡಿ ಹೀಗೆ ಹಾರ್ಬೇಕು, ಪೂರ್ವಕ್ಕೆ ಬರೋರು 5,500, 7,500, ಎದುರುಬದುರು ಆಗ್ಬಾರ್ದು ಅಂತ. ನಾವು 6,500ರಲ್ಲಿ ಇದ್ವಿ. ಮುಳ್ಳಯ್ಯನಗಿರಿ ಎತ್ತರ 1,930 ಮೀಟರು, ಅಂದ್ರೆ ಸುಮಾರು 6,330 ಅಡಿ. ಅಂದ್ರೆ ದೂರದಲ್ಲಿ ಚಂದ್ರದ್ರೋಣ ಸಾಲಿನ ತುದಿ ಸರಿಯಾಗಿ ನಮ್ಮ ಕಣ್ಣಿನ ಮಟ್ಟಕ್ಕೆ ನಿಂತಿತ್ತು, ಕೆಳಗೆಲ್ಲ ಮಂಜು, ಮೇಲೆ ಬರೀ ನೀಲಿ ಗೀಟು ಎಳೆದ ಹಾಗೆ.

ಚಿಕ್ಕಪ್ಪನಿಗೆ ಅದ್ಯಾವುದೂ ಬೇಡ. ಶಾಂತಿಗ್ರಾಮದ ಮೇಲೆ ಬಂದಾಗ ಬಲಗಡೆ ರೆಕ್ಕೆ ಸ್ವಲ್ಪ ಬಾಗಿಸಿ ನಿಧಾನಕ್ಕೆ ಒಂದು ಸುತ್ತು ಹೊಡೆದೆ. ಅವರು ಕೆರೆ ಹಿಡಿದ್ರು, ಕೆರೆ ಏರಿಯಿಂದ ಅರಳಿಮರ ಹಿಡಿದ್ರು, ಅರಳಿಮರದಿಂದ ಎಣಿಸ್ಕೊಂಡು ಬಂದು ತಮ್ಮ ಕಣ, ಕಣದಲ್ಲಿ ರಾಗಿ ಮೆದೆ. ಹೆಡ್‌ಸೆಟ್ ಹಾಕ್ಕೊಂಡಿದಾರೆ ಅನ್ನೋದು ಮರೆತು ಹೊಲದಲ್ಲಿ ಕೂಗೋ ಹಾಗೆ ಕೂಗಿದ್ರು, "ಏಯ್, ಪಕ್ಕದ ಹೊಲದವ್ನು ಬದ ನಮ್ಮ ಕಡೀಕೆ ಒತ್ತವ್ನೆ ಕಣ್ಲಾ!" ನಮ್ಮಿಬ್ಬರ ಕಿವಿ ಗುಯ್ ಅಂತು. ಮೂವತ್ತು ವರ್ಷದಿಂದ ಅನುಮಾನ ಇತ್ತಂತೆ, ಮೇಲಿಂದ ನೋಡಿದ್ರೆ ಸೊಟ್ಟ ಎದ್ದು ಕಾಣ್ತಿತ್ತು, ನನಗೂ ಕಾಣ್ತು, ಸುಳ್ಳು ಹೇಳಲ್ಲ. ಅಲ್ಲಿಂದ ಮುಂದಿನ ದಾರಿ ಬರೆಯಲ್ಲ, ಬರೆದ್ರೆ ಯಾವ ಏರ್‌ಪೋರ್ಟ್ ಅಂತ ಗೊತ್ತಾಗ್ಬಿಡುತ್ತೆ.

ಈಗ ರಿವ್ಯೂ. ಟವರ್‌ನವರಿಗೆ ಐದಕ್ಕೆ ಐದು. ಸ್ಪಷ್ಟ ಮಾತು, ಅವಸರ ಇಲ್ಲ, ನಮ್ಮನ್ನ ನೊಣದ ಥರ ನೋಡಲ್ಲ. ದೊಡ್ಡ ಏರ್‌ಪೋರ್ಟಲ್ಲಿ ನಮ್ಮಂಥ ಪುಟ್ಟ ಪ್ಲೇನ್ ಅಂದ್ರೆ ಹೈವೇಗೆ ಎತ್ತಿನ ಗಾಡಿ ಬಂದಂಗೆ, ಹಿಂದೆ ಏರ್‌ಬಸ್‌ಗಳು ಕ್ಯೂ ನಿಂತಿರುತ್ವೆ. ಇಲ್ಲಿ ಆಕಾಶದಲ್ಲಿ ನಾವೊಬ್ಬರೇ. ಒಂದು ತಪ್ಪು ಮಾಡ್ದೆ, ಅದನ್ನ ನೀವು ಮಾಡ್ಬೇಡಿ: ರನ್‌ವೇ ಶುರುವಲ್ಲೇ ಅಚ್ಚುಕಟ್ಟಾಗಿ ಇಳಿಸಿ ಬೀಗಿದೆ. ಸೆಸ್ನಾ ನಿಲ್ಲೋಕೆ ಅರ್ಧ ಕಿಲೋಮೀಟರೂ ಬೇಡ, ರನ್‌ವೇ ಇರೋದು ಎಟಿಆರ್ ಲೆಕ್ಕಕ್ಕೆ, ಹೊರಗೆ ತಿರುಗೋ ದಾರಿ ಎಲ್ಲೋ ಮುಂದೆ. ಅಲ್ಲಿವರೆಗೂ ನೆಲದ ಮೇಲೆ ಉರುಳ್ಕೊಂಡು ಹೋಗಿ ಹೋಗಿ ಚಿಕ್ಕಪ್ಪ "ಇಲ್ಲಿಂದ ರೋಡಲ್ಲೇ ಹೋಗದಾ?" ಅಂದ್ರು. ಲಾಂಗ್ ಲ್ಯಾಂಡಿಂಗ್ ಕೊಡಿ, ಅಂದ್ರೆ ರನ್‌ವೇಲಿ ಮುಂದೆ ಹೋಗಿ ಇಳೀತೀವಿ ಅಂತ ಟವರ್‌ಗೆ ಮೊದ್ಲೇ ಕೇಳಿ, ಕೊಡ್ತಾರೆ.

ಪಾರ್ಕಿಂಗಿಗೆ ಎರಡು ಸ್ಟಾರ್, ಅದೂ ಜನಕ್ಕೆ ನೋಡ್ಕೊಂಡು. ಎಲ್ಲಾ ಇರೋದು ಎಟಿಆರ್‌ಗೆ. ಚಕ್ರಕ್ಕೆ ಅಡ್ಡ ಇಡೋ ಚಾಕ್ ತಂದ್ರು, ಒಂದೊಂದೂ ಒರಳುಕಲ್ಲಿನ ಗಾತ್ರ, ನಮ್ಮ ಚಕ್ರದ ಕವರ್ ಕೆಳಗೆ ತೂರೋದೇ ಇಲ್ಲ. ಪ್ಲೇನ್ ಕಟ್ಟಿಹಾಕೋಕೆ ನೆಲದಲ್ಲಿ ಕೊಂಡಿ ಇಲ್ಲ. ಲೋಡರ್ ಹುಡುಗ ಒಬ್ಬ ಓಡಿ ಹೋಗಿ ಎಲ್ಲಿಂದಲೋ ಎರಡು ಇಟ್ಟಿಗೆ ತಂದ. ಚಿಕ್ಕಪ್ಪ ಅವನ ಕೈಯಿಂದ ಇಸ್ಕೊಂಡು ಗಾಡಿ ಚಕ್ರಕ್ಕೆ ಕಲ್ಲು ಕೊಡೋ ಹಾಗೆ ಹಿಂದೊಂದು ಮುಂದೊಂದು ಒದ್ದು ಕೂರಿಸಿ, ರೆಕ್ಕೆ ಹಿಡಿದು ಅಲ್ಲಾಡಿಸಿ ನೋಡಿ, "ಈಗ ಎಲ್ಲೂ ಹೋಗಲ್ಲ ಬನ್ನಿ" ಅಂದ್ರು. ನನ್ನ ಡಿಕ್ಕಿಯಲ್ಲಿ ಈಗ ಮರದ ಚಾಕ್ ಒಂದು ಜೊತೆ ಪರ್ಮನೆಂಟ್ ಆಗಿ ಇದೆ, ಬಡಗಿ ಹತ್ರ ಮಾಡಿಸಿದ್ದು.

ಆಮೇಲೆ ಬಂದ್ರು ನೋಡಿ ಹ್ಯಾಂಡ್ಲಿಂಗ್‌ನವರು. ಹ್ಯಾಂಡ್ಲಿಂಗ್ ಅಂದ್ರೆ ನಮ್ಮನ್ನ ಪ್ಲೇನಿಂದ ಗೇಟ್ ತನಕ ಕರ್ಕೊಂಡು ಹೋಗೋದು, ವಾಪಸ್ ತಂದು ಬಿಡೋದು, ಮಧ್ಯೆ ಒಂದೆರಡು ಕಾಗದಕ್ಕೆ ಸೀಲ್ ಹಾಕಿಸೋದು. ಫೋನಲ್ಲಿ ಒಂದು ರೇಟ್ ಹೇಳಿದ್ರು, ಇಲ್ಲಿ ಬಿಲ್ಲಲ್ಲಿ ಇನ್ನೊಂದು, ಕೇಳಿದ್ರೆ "ಸರ್ ಅದು ಏರ್‌ಕ್ರಾಫ್ಟಿಗೆ, ಇದು ಪ್ಯಾಸೆಂಜರ್‌ಗೆ" ಅಂತ. ಪ್ಯಾಸೆಂಜರ್ ಅಂದ್ರೆ ಯಾರು, ಚಿಕ್ಕಪ್ಪ. ಅವರು ಬಿಲ್ ಇಸ್ಕೊಂಡು ಕನ್ನಡಕ ಮೇಲೆತ್ತಿ ದೂರ ಹಿಡಿದು ನೋಡಿ, "ಇಷ್ಟು ದುಡ್ಡಿಗೆ ಗಬ್ಬದ ಎಮ್ಮೆ ಬತ್ತದೆ, ನನ್ನ ಮುನ್ನೂರು ಗಜ ನಡೆಸಕ್ಕೆ ಇಷ್ಟಾ?" ಅಂದ್ರು. ಎಮ್ಮೆ ಲೆಕ್ಕ ಸ್ವಲ್ಪ ಜಾಸ್ತಿ ಆಯ್ತು ಆದ್ರೆ ಆ ಮಾತಿಗೆ ಆ ಹುಡುಗನಿಗೇ ನಗು ಬಂದು, ಮ್ಯಾನೇಜರ್‌ಗೆ ಫೋನ್ ಮಾಡಿ, ಅರ್ಧ ಗಂಟೆ ಆದ್ಮೇಲೆ ಫೋನಲ್ಲಿ ಹೇಳಿದ ರೇಟಿಗೇ ಬಂದ್ರು. ನನ್ನ ಸಲಹೆ, ರೇಟ್ ಮೇಲಲ್ಲಿ ಬರೆಸ್ಕೊಳ್ಳಿ, ಪ್ರಿಂಟ್ ತಗೊಂಡು ಹೋಗಿ, ಇಲ್ಲಾಂದ್ರೆ ಒಬ್ಬ ಚಿಕ್ಕಪ್ಪನ ಕರ್ಕೊಂಡು ಹೋಗಿ.

ಟಾಯ್ಲೆಟ್ ಕ್ಲೀನ್. ಕುಡಿಯೋ ನೀರು ಚೆನ್ನಾಗಿದೆ. ಊಟಕ್ಕೆ ನಮ್ಮ ಹತ್ರ ಅಕ್ಕಿರೊಟ್ಟಿ ಅವರೆಕಾಳು ಉಸ್ಲಿ ಇತ್ತು, ಟೀ ಮಾತ್ರ ಬೇಕಿತ್ತು, ಅದು ಸಿಗೋದು ಟರ್ಮಿನಲ್ ಹೊರಗೆ. ಹೊರಗೆ ಹೋದ್ವಿ, ಮರದ ಕೆಳಗೆ ಕಲ್ಲಿನ ಬೆಂಚಲ್ಲಿ ಕೂತು ತಿಂದ್ವಿ, ಟೀ ಕುಡಿದ್ವಿ, ಅಲ್ಲಿಗೆ ಬೆಳಗ್ಗಿಂದ ಎಲ್ಲಾ ಸರಿಯಾಗಿತ್ತು. ವಾಪಸ್ ಒಳಗೆ ಹೋಗೋಕೆ ಬಂದಾಗ ಶುರುವಾಯ್ತು.

ಗೇಟಲ್ಲಿ ಬೋರ್ಡಿಂಗ್ ಪಾಸ್ ಕೇಳಿದ್ರು. ಇಲ್ಲ ಸರ್, ನಮ್ಮದೇ ಪ್ಲೇನು, ಅಲ್ಲಿ ಕಾಣ್ತಿದ್ಯಲ್ಲ ಬಿಳಿದು, ಅಂದೆ. "ಟಿಕೆಟ್ ತೋರಿಸಿ." ಟಿಕೆಟ್ ಇಲ್ಲ ಸರ್, ನಾನೇ ಪೈಲಟ್. ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು, ಟೀ ಶರ್ಟು, ಜೀನ್ಸು, ಅಂಗಡಿಗೆ ಹಾಕೋ ಚಪ್ಪಲಿ ಒಂದಿರಲಿಲ್ಲ ಅಷ್ಟೇ. "ಯೂನಿಫಾರ್ಮ್ ಎಲ್ಲಿ?" ಅಂದ್ರು. ಲೈಸೆನ್ಸ್ ತೆಗೆದು ತೋರಿಸ್ದೆ, ಅದನ್ನ ತಿರುಗಿಸಿ ಮುರುಗಿಸಿ ನೋಡಿ ಪಕ್ಕದವರಿಗೆ ಕೊಟ್ರು, ಅವರು ಇನ್ನೊಬ್ಬರಿಗೆ. ತಪ್ಪು ಅವರದ್ದಲ್ಲ, ದಿನಾ ನೋಡೋದು ಎಟಿಆರ್ ಪ್ಯಾಸೆಂಜರ್‌ನ, ಕೈಯಲ್ಲಿ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಪೈಲಟ್ ಅಂತ ಬಂದವನನ್ನ ಹೆಂಗೆ ನಂಬೋದು. ಹ್ಯಾಂಡ್ಲಿಂಗ್ ಹುಡುಗ ಹೆಸರಿನ ಪಟ್ಟಿ ತಗೊಂಡು ಬರೋ ತನಕ ನಿಂತಿದ್ವಿ. ನನ್ನ ಫ್ರೆಂಡ್ ಮಾತ್ರ ಬಿಳಿ ಶರ್ಟು, ಭುಜದ ಮೇಲೆ ಪಟ್ಟಿ ಹಾಕ್ಕೊಂಡು ಬಂದಿದ್ರು, ಅವರಿಗೆ ಸೆಲ್ಯೂಟ್ ಹೊಡೆದು ಬಿಟ್ರು. ಬೆಳಗ್ಗೆ ಜಕ್ಕೂರಲ್ಲಿ ಅವರನ್ನ ನೋಡಿ ನಾನು ಶೋಕಿ ಅಂತ ಆಡ್ಕೊಂಡಿದ್ದೆ. ಮಾರನೇ ದಿನವೇ ಹಾಸನದ ಟೈಲರ್ ಹತ್ರ ಎರಡು ಬಿಳಿ ಶರ್ಟ್ ಹೊಲಿಯೋಕೆ ಹಾಕ್ದೆ.

ಆಮೇಲೆ ಎಕ್ಸ್‌ರೇ. ಚಿಕ್ಕಪ್ಪನ ಬಟ್ಟೆ ಚೀಲ ಒಳಗೆ ಹೋಯ್ತು, ಬೆಲ್ಟ್ ನಿಂತ್ಹೋಯ್ತು. ಸೆಕ್ಯೂರಿಟಿ ಮೇಡಂ ಸ್ಕ್ರೀನ್‌ಗೆ ಬಗ್ಗಿ ನೋಡಿ, ಇನ್ನೊಬ್ಬರನ್ನ ಕರೆದು ತೋರಿಸಿ, "ಅಜ್ಜಾ, ಚೀಲದಲ್ಲಿ ಏನಿದೆ?" ಅಂದ್ರು.

"ಎಲೆಅಡಿಕೆ ಸಂಚಿ ಕಣವ್ವ."

"ಅದರೊಳಗೆ?"

ಸಂಚಿ ಬಿಚ್ಚಿ ಒಂದೊಂದೇ ತೆಗೆದಿಟ್ರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಒಂದು ಹಿಡಿ ಗೋಟಡಿಕೆ, ಆಮೇಲೆ ಅಡಕತ್ತರಿ. ಅವರ ಅಪ್ಪನ ಕಾಲದ್ದು, ಹಿಡಿ ಸವೆದು ನುಣ್ಣಗಾಗಿದೆ, ಬಾಯಿ ಮಾತ್ರ ಇನ್ನೂ ಹರಿತ. ಇದು ಒಳಗೆ ಬಿಡಲ್ಲ ಅಂದ್ರು. ಚಿಕ್ಕಪ್ಪನಿಗೆ ಸಿಟ್ಟು ಬರ್ಲಿಲ್ಲ, ನಿಜವಾಗ್ಲೂ ಅರ್ಥ ಆಗ್ಲಿಲ್ಲ. "ಅಲ್ಲ ಕಣವ್ವ, ಪ್ಲೇನು ನಮ್ಮ ಹುಡುಗ್ರದ್ದು. ಓಡಿಸೋನು ನಮ್ಮಣ್ಣನ ಮಗ. ಅವನ್ಗೆ ಅಡಕತ್ತರಿ ತೋರಿಸಿ ನಾನು ಎಲ್ಲಿಗೆ ಹೊಡ್ಕಂಡ್ ಹೋಗ್ಲಿ? ಅವನೇ ನಮ್ಮೂರಿಗೆ ಬಿಡ್ತಾನಲ್ಲ." ಮೇಡಂಗೆ ನಗು ತಡೆಯೋಕಾಗ್ಲಿಲ್ಲ ಆದ್ರೆ ರೂಲ್ ರೂಲೇ, ಅದೂ ಸರಿನೇ, ಇವತ್ತು ಅಡಕತ್ತರಿ ಬಿಟ್ರೆ ನಾಳೆ ಇನ್ಯಾರೋ ಮಚ್ಚು ತರ್ತಾರೆ. ಡಬ್ಬಕ್ಕೆ ಹಾಕ್ಬಿಡ್ತಾರೇನೋ ಅಂತ ಚಿಕ್ಕಪ್ಪನ ಮುಖ ಸಣ್ಣಗಾಗಿತ್ತು. ಕೊನೆಗೆ ಅವರ ಸಾಹೇಬ್ರು ಬಂದು ದಾರಿ ಹುಡುಕಿದ್ರು: ಲಗೇಜ್‌ಗೆ ಹಾಕಿದ್ರೆ ತೊಂದರೆ ಇಲ್ಲ. ಒಂದು ಕವರ್‌ಗೆ ಹಾಕಿ, ಅಂಟಿಸಿ, ಸಿಬ್ಬಂದಿ ಒಬ್ಬರು ನಮ್ಮ ಜೊತೆ ಪ್ಲೇನ್ ತನಕ ಬಂದು, ಲಗೇಜ್ ಬಾಗಿಲು ತೆಗೆಸಿ, ಒಳಗಿಟ್ಟು ಮುಚ್ಚಿ, ನೋಡ್ಕೊಂಡು ಹೋದ್ರು.

ಸೆಸ್ನಾ 172 ನೋಡಿದೋರಿಗೆ ಗೊತ್ತು, ಲಗೇಜ್ ಜಾಗ ಅನ್ನೋದು ಹಿಂದಿನ ಸೀಟಿನ ಬೆನ್ನ ಹಿಂದೆ, ನಡುವೆ ಗೋಡೆ ಗೀಡೆ ಏನಿಲ್ಲ. ಹಿಂದಿನ ಸೀಟಲ್ಲಿ ಕೂತಿದ್ದು ಚಿಕ್ಕಪ್ಪ. ನಾವ್ಯಾರೂ ಬಾಯಿ ಬಿಡ್ಲಿಲ್ಲ.

ಪೆಟ್ರೋಲ್ ಬಗ್ಗೆ ಇದನ್ನ ಮಾತ್ರ ಸೀರಿಯಸ್ ಆಗಿ ಓದಿ. ಇಂಥ ಏರ್‌ಪೋರ್ಟಲ್ಲಿ ಸಾಮಾನ್ಯವಾಗಿ ಇರೋದು ಎಟಿಎಫ್, ಅಂದ್ರೆ ಜೆಟ್ಟಿಗೆ, ಎಟಿಆರ್‌ಗೆ ಹಾಕೋ ಸೀಮೆಎಣ್ಣೆ ಜಾತಿಯದ್ದು. ನಮಗೆ ಬೇಕಿರೋದು ಅವ್‌ಗ್ಯಾಸ್ 100 ಎಲ್‌ಎಲ್, ನೀಲಿ ಬಣ್ಣದ್ದು. 2022ರ ತನಕ ಅದು ಹೊರದೇಶದಿಂದ್ಲೇ ಬರ್ತಿತ್ತು, ಆಮೇಲೆ ಇಂಡಿಯನ್ ಆಯಿಲ್‌ನವರು ಗುಜರಾತ್ ರಿಫೈನರಿಯಲ್ಲಿ ಮಾಡೋಕೆ ಶುರು ಮಾಡಿದ್ರು, ಆದ್ರೂ ಹಾರೋಕೆ ಕಲಿಸೋ ಕಡೆ ಬಿಟ್ರೆ ಬೇರೆ ಕಡೆ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಟ್ಯಾಂಕರ್ ಡ್ರೈವರ್ ತುಂಬಾ ಪ್ರೀತಿಯಿಂದ "ಎಷ್ಟು ಲೀಟರ್ ಸರ್?" ಅಂತ ಪೈಪ್ ಹಿಡ್ಕೊಂಡೇ ಬಂದ್ರು. ನಮ್ಮ ಪಿಸ್ಟನ್ ಇಂಜಿನ್‌ಗೆ ಅದು ಬಿದ್ರೆ ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಇಂಜಿನ್ ನಿಲ್ಲುತ್ತೆ, ಬೈಕಿಗೆ ಡೀಸೆಲ್ ಹಾಕಿದ್ರೆ ಪಕ್ಕಕ್ಕೆ ತಳ್ಕೊಂಡು ಹೋಗ್ಬಹುದು, ಇಲ್ಲಿ ಪಕ್ಕ ಅನ್ನೋದು ಇಲ್ಲ. ಫ್ರೆಂಡ್ ಓಡಿ ಹೋಗಿ ಟ್ಯಾಂಕ್ ಮುಚ್ಚಳದ ಮೇಲೆ ಕೈ ಇಟ್ಕೊಂಡು ನಿಂತ್ರು. ನಮ್ಮದು ಗಂಟೆಗೆ 35 ಲೀಟರ್ ಹತ್ರ ಕುಡಿಯುತ್ತೆ, ಎರಡೂ ಟ್ಯಾಂಕ್ ಸೇರಿ 200 ಲೀಟರ್ ಬಳಸ್ಬಹುದು, ಹಾಗಾಗಿ ಹೋಗಿ ಬರೋಕೆ ಮನೆಯಿಂದ್ಲೇ ತುಂಬಿಸ್ಕೊಂಡು ಹೋಗಿ, ಬೇರೆ ದಾರಿ ಹುಡುಕ್ಬೇಡಿ.

ಹೊರಡೋಕೆ ರೆಡಿ ಆದ್ವಿ, ಅಷ್ಟೊತ್ತಿಗೆ ಲೇಟಾಗಿದ್ದ ಎಟಿಆರ್ ಬಂತು. ಅದು ಬಂದ್ರೆ ಇಡೀ ಏರ್‌ಪೋರ್ಟ್ ಮದುವೆ ಮನೆ, ಎಲ್ಲರೂ ಅದರ ಹಿಂದೆ. ನಮ್ಮ ಪ್ಲಾನ್ ಟೈಮ್ ಜಾರ್ತಾ ಇತ್ತು, ಅರ್ಧ ಗಂಟೆ ಮೀರಿದ್ರೆ ಮತ್ತೆ ಡಿಲೇ ಮೆಸೇಜ್ ಹಾಕ್ಬೇಕು, ಇನ್ನೊಂದು ಕಡೆ ಸೂರ್ಯ. ನಮ್ಮಂಥ ವಿಎಫ್‌ಆರ್‌ನೋರು, ಅಂದ್ರೆ ಹೊರಗೆ ಕಣ್ಣಲ್ಲಿ ನೋಡ್ಕೊಂಡು ಹಾರೋರು, ಸೂರ್ಯ ಮುಳುಗಿ 20 ನಿಮಿಷದೊಳಗೆ ನೆಲದ ಮೇಲಿರ್ಬೇಕು. ಮೇಲಾಗಿ ಇಂಥ ಕಡೆ ಟವರ್‌ಗೂ ಅಂಗಡಿ ಥರ ಬಾಗಿಲು ಹಾಕೋ ಟೈಮಿದೆ. ನಾವು ಕೇಳೋ ಮೊದ್ಲೇ ಟವರ್‌ನವರು ತಾವಾಗೇ ಡಿಲೇ ಹಾಕಿ, ಎಟಿಆರ್ ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆ ನಮ್ಮನ್ನ ಬಿಟ್ರು. ಆ ಗಾಳಿಗೆ ನಮ್ಮ ಇಟ್ಟಿಗೆ ಏನೂ ಮಾಡ್ತಿರ್ಲಿಲ್ಲ. ಚಿಕ್ಕಪ್ಪ ತಂದಿದ್ದ ಸೊಗಡವರೆ ಕಾಯಿ ಎರಡು ಕೆಜಿ ಇಟ್ಟಿಗೆ ತಂದ ಹುಡುಗನಿಗೆ ಕೊಟ್ವಿ, ಅದು ಎಕ್ಸ್‌ರೇಲಿ ಏನೂ ತಕರಾರಿಲ್ದೆ ಪಾಸಾಗಿತ್ತು.

ಒಟ್ಟು ಸ್ಟಾರ್ ಹಾಕೋದಾದ್ರೆ ಮೂರೂವರೆ. ಜನಕ್ಕೆ ಐದು, ಹ್ಯಾಂಡ್ಲಿಂಗ್‌ಗೆ ಒಂದೂವರೆ, ಸಣ್ಣ ಪ್ಲೇನ್‌ಗೆ ಅಂತ ಮಾಡಿಟ್ಟಿರೋ ವ್ಯವಸ್ಥೆಗೆ ಕೊಡೋಕೆ ಅಲ್ಲಿ ವ್ಯವಸ್ಥೆನೇ ಇಲ್ಲ. ಮತ್ತೆ ಹೋಗ್ತೀನಾ ಅಂದ್ರೆ ಹೋಗ್ತೀನಿ, ಬಿಳಿ ಶರ್ಟ್ ಹಾಕ್ಕೊಂಡು, ಶನಿವಾರ ಬಿಟ್ಟು ಬೇರೆ ದಿನ.

ವಾಪಸ್ 7,500 ಅಡಿಯಲ್ಲಿ ಬಂದ್ವಿ. ಹಾಸನ ಹತ್ರ ಬಂದಾಗ ಹಿಂದಿಂದ ಕಟ್ ಅಂತ ಸದ್ದು ಬಂತು. ಇಬ್ಬರೂ ಗಾಬರಿಯಾಗಿ ಇಂಜಿನ್ ಗೇಜ್‌ಗಳನ್ನೆಲ್ಲ ನೋಡಿದ್ವಿ, ಆಯಿಲ್ ಪ್ರೆಶರ್ ಸರಿ ಇದೆ, ಟೆಂಪರೇಚರ್ ಸರಿ ಇದೆ. ಮತ್ತೆ ಕಟ್. ತಿರುಗಿ ನೋಡಿದ್ರೆ ಕವರ್ ಹರಿದಾಗಿದೆ, ಚಿಕ್ಕಪ್ಪ ಅಡಿಕೆ ಹೋಳು ಮಾಡ್ತಾ ಕೂತವ್ರೆ. "ಸುಣ್ಣ ಹಾಕಲ್ಲ ಕಣ್ಲಾ, ಉಗಿಯಕ್ಕೆ ಕಿಟಕಿ ಇಲ್ವಲ್ಲ, ಬರೀ ಅಡಿಕೆ" ಅಂದ್ರು. ಕೆಳಗೆ ಅವರ ಕೆರೆ, ಅರಳಿಮರ, ಸೊಟ್ಟ ಬದ.

ಜಕ್ಕೂರಲ್ಲಿ ಇಳಿದು, ಪ್ಲೇನ್ ಹ್ಯಾಂಗರ್‌ಗೆ ತಳ್ಳಿ, ಕಾರ್ ಹತ್ತಿದಾಗ ಕತ್ತಲಾಗಿತ್ತು. ವೀಕೆಂಡ್ ಬೇರೆ, ಬೆಂಗಳೂರಿನೋರೆಲ್ಲ ಸಕಲೇಶಪುರದ ಹೋಮ್‌ಸ್ಟೇಗೆ ಹೊರಟಿದ್ರು, ನೆಲಮಂಗಲ ದಾಟೋಕೇ ಒಂದು ಗಂಟೆ. ಚಿಕ್ಕಪ್ಪ ಮುಂದಿನ ಸೀಟಲ್ಲಿ ಸಾಲಾಗಿ ನಿಂತ ಕೆಂಪು ಲೈಟ್‌ಗಳನ್ನ ನೋಡ್ತಾ ಸುಮಾರು ಹೊತ್ತು ಸುಮ್ನಿದ್ದು ಆಮೇಲೆ ಕೇಳಿದ್ರು, "ಅಲ್ಲ ಕಣ್ಲಾ, ಸಂಜೆ ನಮ್ಮನೆ ಮೇಲೇ ಬಂದ್ವಲ್ಲ, ಅಲ್ಲೇ ಎಲ್ಲಾರ ಇಳಿಸಕ್ಕಾಗ್ತಿರ್ಲಿಲ್ವಾ?"